ತಲೆ ಎಣಿಸಿರಿ, ಬೆನ್ನು ಹತ್ತಬೇಡಿರಿ

ನಮ್ಮ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಎಷ್ಟು? ಸರಕಾರದ ಪುಸ್ತಕ 2011ರ ಲೆಕ್ಕ ತೋರಿಸಿ, ಸುಮಾರು 13 ಲಕ್ಷ 90 ಸಾವಿರ ಎನ್ನುತ್ತದೆ. 2021ರಲ್ಲಿ ಆಗಬೇಕಾಗಿದ್ದ ಗಣತಿ ಆಗಲಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯಡಿ ರಾಜ್ಯದ ಎಷ್ಟು ಜನರಿಗೆ ಪಡಿತರ ಎಂದು ಗೊತ್ತುಮಾಡಿದ್ದೂ ಆ 2011ರ ಲೆಕ್ಕದಿಂದಲೇ.

ಆ ಲೆಕ್ಕದಲ್ಲಿ ಇನ್ನೊಂದು ಕೊರತೆಯುಂಟು. ಅಂದು ಗಣತಿಯವರು ಮನೆಮನೆಗೆ ಬಂದದ್ದು ಫೆಬ್ರವರಿಯಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದು, ಬಾಗಿಲಿಗೆ ಬೀಗ ಬಿದ್ದು, ಜನ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವ ಕಾಲವದು. ಅಂಥವರು ಊರ ಲೆಕ್ಕದಲ್ಲಿಯೂ ಇಲ್ಲ, ದುಡಿಯುವ ಕಡೆಯೂ ಇಲ್ಲ ಎಂದಾಗುವ ಭಯವಿದೆ. ತುಂಗಭದ್ರೆಯ ನೀರುಂಡ ಗಂಗಾವತಿಗಾದರೋ ನಾಟಿ, ಕೊಯ್ಲು, ಅಕ್ಕಿ ಗಿರಣಿಗಳ ಹಂಗಾಮಿಗೆ ಹೊರಗಿನ ಕೈಗಳು ಬಂದು ಸೇರುತ್ತವೆ. ಊರು ಯಾವ ತಿಂಗಳು ಬರಿದಾಯಿತೆಂಬುದು ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕಕ್ಕೆ ಗೊತ್ತು. ಗಣತಿಯ ಪುಸ್ತಕಕ್ಕೆ ಗೊತ್ತಿಲ್ಲ.

ಈ ಏರಿಳಿತವನ್ನು ಅಳೆಯುವ ಉಪಾಯ ಈಗ ಉಂಟು. ಮೊಬೈಲ್ ಫೋನು ಹತ್ತಿರದ ಟವರಿನ ಸಂಪರ್ಕದಲ್ಲಿರುತ್ತದೆ. ಯಾವ ಟವರಿನ ಸುತ್ತ ಎಷ್ಟು ಫೋನುಗಳಿವೆಯೆಂದು ಎಣಿಸಿದರೆ, ಜನ ಎಲ್ಲಿ ಎಷ್ಟಿದ್ದಾರೆಂಬ ನಕಾಶೆ ಸಿದ್ಧವಾಗುತ್ತದೆ. ಫ್ರಾನ್ಸ್, ಪೋರ್ಚುಗಲ್ ದೇಶಗಳ ನೂರು ಕೋಟಿಗೂ ಮಿಕ್ಕ ಕರೆಗಳ ದಾಖಲೆಯಿಂದ ವಿದ್ವಾಂಸರು 2014ರಲ್ಲಿ ಇದನ್ನು ಮಾಡಿ ತೋರಿಸಿದರು. 2010ರ ಭೂಕಂಪದ ನಂತರ ಹೈಟಿಯ ರಾಜಧಾನಿ ಬಿಟ್ಟ ಜನ ಯಾವ ಕಡೆ ಹೋದರೆಂಬುದನ್ನೂ ಹೀಗೆಯೇ ಕಂಡುಕೊಂಡರು. 2020ರ ಲಾಕ್‌ಡೌನಿನಲ್ಲಿ ದೇಶದ ಕೂಲಿಕಾರರು ಗಂಟುಮೂಟೆ ಹೊತ್ತು ನಡೆದಾಗ ಇಂಥ ನಕಾಶೆ ಕೈಯಲ್ಲಿದ್ದಿದ್ದರೆ, ಅನ್ನ ಎಲ್ಲಿಗೆ ಕಳಿಸಬೇಕೆಂದು ತಿಳಿಯುತ್ತಿತ್ತು.

ಆದರೆ ಎಚ್ಚರ ಬೇಕು. ಫೋನು ಎಣಿಸಿದರೆ ಜನರನ್ನು ಎಣಿಸಿದಂತಾಗದು. ಒಬ್ಬ ದಲಾಲನ ಜೇಬಿನಲ್ಲಿ ಎರಡು ಸಿಮ್ಮು. ಐದು ಜನರ ಕೂಲಿ ಕುಟುಂಬಕ್ಕೆ ಒಂದೇ ಫೋನು. ಮನೆಮನೆಯ ಗಣತಿಯೊಂದಿಗೆ ತಾಳೆ ನೋಡದೆ ಈ ಲೆಕ್ಕವನ್ನು ನಂಬತಕ್ಕದ್ದಲ್ಲ. ಮೇಲಾಗಿ, ಊರಿನ ತಲೆ ಎಣಿಸುವುದು ಬೇರೆ, ಒಬ್ಬೊಬ್ಬನ ಬೆನ್ನು ಹತ್ತುವುದು ಬೇರೆ. ಯಾರು ಸಂಘದ ಸಭೆಗೆ ಹೋದರು, ಯಾರು ಮುಷ್ಕರದಲ್ಲಿ ನಿಂತರು ಎಂಬ ಸುಳಿವನ್ನೂ ಅದೇ ಟವರು ಕೊಡಬಲ್ಲದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಅದೂ ಗುಳೆಯ ಕಾಲವೇ. ಆ ಗಣತಿಯ ಜೊತೆಗೆ ತಾಲೂಕುವಾರು, ತಿಂಗಳುವಾರು ಫೋನಿನ ಲೆಕ್ಕವನ್ನೂ ಸರಕಾರ ಕಂಪನಿಗಳಿಂದ ಪಡೆಯಲಿ. ಹೆಸರು ಬೇಡ, ನಂಬರು ಬೇಡ. ಸಂಖ್ಯೆ ಮಾತ್ರ ಬರಲಿ, ಅದು ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟವಾಗಲಿ. ದುಡಿಯುವವರು ಎಲ್ಲಿದ್ದಾರೋ ಅಲ್ಲಿಗೆ ಅವರ ಪಡಿತರ, ಅವರ ಮಕ್ಕಳ ಶಾಲೆ ಹೋಗಲಿ. ಪೊಲೀಸರ ಕೈ ಸೇರುವ ಲೆಕ್ಕವಾದರೆ ನಮಗೆ ಬೇಡವೇ ಬೇಡ.