ತಾಂಡದ ಮಾತು

ಕಳೆದ ದೀಪಾವಳಿಯ ರಾತ್ರಿ ನನ್ನ ಹಳೆಯ ಶಿಷ್ಯನೊಬ್ಬನ ಕರೆಯಂತೆ ಹಡಗಲಿಯ ಸಮೀಪದ ಒಂದು ಲಂಬಾಣಿ ತಾಂಡಕ್ಕೆ ಹೋಗಿದ್ದೆನು. ಹೆಣ್ಣುಮಕ್ಕಳು ಹಣತೆ ಹಿಡಿದು ಮನೆಮನೆಯ ಮುಂದೆ ನಿಂತು, ಹಿರಿಯರಿಗೆ ‘ಮೇರಾ’ ಎಂದು ಶುಭ ಕೋರುತ್ತಿದ್ದರು. ಬೆಂಗಳೂರಿನಲ್ಲಿ ಬೆಳೆದ ಶಿಷ್ಯನ ಮಗಳು ಮಾತ್ರ ಸಾಲಿನ ಕೊನೆಯಲ್ಲಿ ಸುಮ್ಮನೆ ತುಟಿಯಾಡಿಸುತ್ತಿದ್ದಳು. ಅಜ್ಜಿಯು ಏನನ್ನೋ ಕೇಳಿದರು. ಮಗುವು ತಂದೆಯ ಮುಖವನ್ನು ನೋಡಿತು. ತಂದೆಯು ಕನ್ನಡದಲ್ಲಿ ಅರ್ಥ ಹೇಳಿದನು.

ಈ ಮೌನದಲ್ಲಿ ನನ್ನ ಪಾಲೂ ಉಂಟು. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಶಿಷ್ಯನು ‘ನನ್ನ ತಾಯಿ’ ಎಂಬ ಪ್ರಬಂಧದಲ್ಲಿ ‘ಯಾಡಿ’ ಎಂದು ಬರೆದಿದ್ದನು. ಅದನ್ನು ಕೆಂಪು ಶಾಯಿಯಿಂದ ಹೊಡೆದು, “ಇದಾವ ಭಾಷೆಯಪ್ಪಾ?” ಎಂದೆನು. ತರಗತಿಯೆಲ್ಲ ನಕ್ಕಿತು. ತಾಯಿಯನ್ನು ಕರೆಯುವ ಮಾತಿಗೆ ನಾಚುವುದನ್ನು ಅವನಿಗೆ ಕಲಿಸಿದವನು ನಾನೇ.

ಸಂಸ್ಕೃತವನ್ನೋದಿದವನಿಗಾದರೂ ತೋಚಬೇಕಿತ್ತು. ಅವರ ‘ಹಾತ್’ ನಮ್ಮ ಹಸ್ತವೇ, ‘ದೂದ್’ ದುಗ್ಧವೇ. ‘ಪಾಣಿ’ ಎಂದುದನ್ನು ಕೈಯೆಂದು ತಿಳಿದು ನಗೆಗೀಡಾದ ಪಂಡಿತನೂ ನಾನೇ, ಅದು ಪಾನೀಯ! ರಾಜಸ್ಥಾನದ ನುಡಿಗಳಿಗೆ ಬಂಧುವಾದ ಈ ಗೋರ್‌ಬೋಲಿಯನ್ನು, ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೊರಿಸಿಕೊಂಡು ಮೊಗಲರ ದಂಡುಗಳೊಡನೆ ದಕ್ಷಿಣಕ್ಕಿಳಿದ ಜನರು ತಂದರು. ರೈಲುದಾರಿಯು ಆ ವ್ಯಾಪಾರವನ್ನು ನುಂಗಿತು. ಕೊಟ್ಟೂರಿಗೆ ರೈಲು ಬಂದುದು 1905ರಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸುತ್ತ ಅವರು ಮೆಲ್ಲಮೆಲ್ಲನೆ ನೆಲೆಯೂರಿದರು, ಮಾತನ್ನು ಬಿಡಲಿಲ್ಲ. ಇಂದಿಗೂ ತೆಲಂಗಾಣದ ತಾಂಡದವನೊಡನೆ ಇಲ್ಲಿಯವನು ದುಭಾಷಿಯಿಲ್ಲದೆ ಮಾತನಾಡಬಲ್ಲನು.

ನಮ್ಮ ಪೂರ್ವಿಕರು ಯವನರೆಂದು ಕರೆದ ಗ್ರೀಕರು ಮೆಲ್ಬರ್ನ್ ನಗರದಲ್ಲಿ ನೆಲಸಿದರೂ, ಮಕ್ಕಳಿಗೆ ಪ್ರತ್ಯೇಕ ಪಾಠಶಾಲೆಗಳನ್ನಿಟ್ಟು ತಮ್ಮ ಭಾಷೆಯನ್ನು ಕಲಿಸುತ್ತಾರೆ. ಅವರಿಗೆ ಪ್ರಾಚೀನ ಲಿಪಿಯಿದೆ, ಸ್ವಂತ ದೇಶವಿದೆ. ಗೋರ್‌ಬೋಲಿಗೆ ತನ್ನದಾದ ಪ್ರಾಚೀನ ಲಿಪಿಯಿಲ್ಲ. ಇಲ್ಲಿ ಕನ್ನಡದಲ್ಲಿ, ಅಲ್ಲಿ ತೆಲುಗಿನಲ್ಲಿ, ಮತ್ತೊಂದೆಡೆ ನಾಗರಿಯಲ್ಲಿ ಬರೆಯುತ್ತಾರೆ. 2011ರ ಜನಗಣತಿಯಲ್ಲಿ ಇದನ್ನು ತಾಯ್ನುಡಿಯೆಂದು ಬರೆಯಿಸಿದವರು 32 ಲಕ್ಷಕ್ಕೂ ಮೇಲ್ಪಟ್ಟವರು. ಆದರೂ ಆ ಲೆಕ್ಕವನ್ನು ಹಿಂದಿಯ ಕೆಳಗೆ ಸೇರಿಸಲಾಗಿದೆ.

ಇದನ್ನುಳಿಸಿದವರು ತಾಯಂದಿರು. ಈಗ ದೀಪಾವಳಿ ಕಳೆಯಿತೆಂದರೆ ಎಷ್ಟೋ ಮನೆಗಳಿಗೆ ಬೀಗ ಬೀಳುವುದು. ಕಬ್ಬು ಕಡಿಯಲು ಮಂಡ್ಯದ ಸೀಮೆಗೆ, ಇಲ್ಲವೆ ಕಾಫಿಯ ತೋಟಗಳಿಗೆ ಪಯಣ. ಆದರೂ ಅಲ್ಲಿ ಜೋಪಡಿಗಳ ನಡುವೆ ಮಾತು ಬದುಕಿರುತ್ತದೆ. ಅದು ಅಳಿಯುವುದು ಓದಿ ಉದ್ಯೋಗ ಹಿಡಿದವರ ಮನೆಯಲ್ಲಿ! 2023ರ ಜುಲೈಯಲ್ಲಿ ಹಂಪಿಯಲ್ಲಿ 1,755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ವಿಶ್ವದಾಖಲೆ ಮಾಡಿದರು. ಸಂತೋಷವೇ. ಕನ್ನಡಿ ಹೊಲಿದ ಕಾಂಚಳಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಮಾತನ್ನು ಹಾಗೆ ಇಡಬರುವುದೆ? ವಾಚಕರಲ್ಲಿ ತಾಂಡದಿಂದ ಬಂದು ಪಟ್ಟಣದಲ್ಲಿ ನೆಲಸಿದವರಿದ್ದರೆ, ಕೂಸು ‘ಮಮ್ಮಿ’ ಎಂದಾಗ ಒಂದು ಕ್ಷಣ ಯೋಚಿಸಿರೆಂದು ಬೇಡುತ್ತೇನೆ.

ಆ ರಾತ್ರಿ ಶಿಷ್ಯನ ಬಳಿ ತಪ್ಪೊಪ್ಪಿಕೊಂಡೆನು. ಆತನು, “ಇರಲಿ ಬಿಡಿ ಸಾರ್” ಎಂದನೇ ಹೊರತು ಮರೆತಿರಲಿಲ್ಲ. ಈಗ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಅಜ್ಜಿ ಹೇಳುವ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ರಜೆಯಲ್ಲಿ ಬಂದಾಗ ಮೊಮ್ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ನನ್ನ ಉಚ್ಚಾರಣೆಯನ್ನು ಕೇಳಿ ಅಜ್ಜಿ, “ಹಂಗಲ್ಲ ಮೇಷ್ಟ್ರೇ” ಎನ್ನುತ್ತಾರೆ, ಇಬ್ಬರೂ ನಗುತ್ತಾರೆ.