ಅಗ್ಗದ ಕಂಪ್ಯೂಟರ್‌ಗೆ ಬೇಕು ಪಟ್ಟು ಹಿಡಿಯುವ ಗಿರಾಕಿ

ಅಮೆರಿಕದ ಡಿಇಸಿ ಕಂಪನಿ 1965ರಲ್ಲಿ ಪಿಡಿಪಿ–8 ಎಂಬ ಕಂಪ್ಯೂಟರನ್ನು ಸುಮಾರು 18 ಸಾವಿರ ಡಾಲರ್‌ಗೆ ಮಾರಲು ಶುರು ಮಾಡಿತು. ಐಬಿಎಂನ ದೊಡ್ಡ ಯಂತ್ರಗಳಿಗೆ ಲಕ್ಷಗಟ್ಟಲೆ ಡಾಲರ್ ಸುರಿಯಬೇಕಿದ್ದ, ಅವುಗಳಿಗೆಂದೇ ತಂಪು ಕೋಣೆ ಕಟ್ಟಿಸಿ ಸಿಬ್ಬಂದಿ ನೇಮಿಸಬೇಕಿದ್ದ ಕಾಲ ಅದು. ಪಿಡಿಪಿ–8 ಪ್ರಯೋಗಾಲಯದ ಒಂದು ಮೂಲೆಯಲ್ಲಿ ಹಿಡಿಸುತ್ತಿತ್ತು. ವಿಜ್ಞಾನಿಗಳು, ಕಾರ್ಖಾನೆಯವರು ಅದನ್ನು ತಮ್ಮ ಉಪಕರಣಗಳಿಗೇ ಜೋಡಿಸಿಕೊಂಡರು. ಆ ಮಾಲಿಕೆಯ ಯಂತ್ರಗಳು 50 ಸಾವಿರದಷ್ಟು ಮಾರಾಟವಾದವು. ಡಿಇಸಿಯ ಯಂತ್ರಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಗಾರ್ಡನ್ ಬೆಲ್ 1972ರಲ್ಲಿ ಒಂದು ಸೂತ್ರ ಮುಂದಿಟ್ಟರು: ಸುಮಾರು ಹತ್ತು ವರ್ಷಕ್ಕೊಮ್ಮೆ, ಹಿಂದಿನದಕ್ಕಿಂತ ಚಿಕ್ಕದಾದ, ತೀರಾ ಕಡಿಮೆ ಬೆಲೆಯ ಹೊಸ ಕಂಪ್ಯೂಟರ್ ವರ್ಗವೊಂದು ಹುಟ್ಟುತ್ತದೆ, ಅದರ ಸುತ್ತ ಹೊಸ ಬಳಕೆ, ಹೊಸ ಉದ್ಯಮ ಬೆಳೆಯುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಚಿಪ್‌ನೊಳಗೆ ಹಿಡಿಸುವ ಟ್ರಾನ್ಸಿಸ್ಟರ್‌ಗಳ ಸಂಖ್ಯೆ ಹೆಚ್ಚಿದಂತೆಲ್ಲ ತಯಾರಕರ ಮುಂದೆ ಎರಡು ದಾರಿ ತೆರೆದುಕೊಳ್ಳುತ್ತವೆ. ಬೆಲೆ ಹಾಗೇ ಇಟ್ಟು ಯಂತ್ರದ ಶಕ್ತಿ ಹೆಚ್ಚಿಸಬಹುದು. ಶಕ್ತಿ ಹಾಗೇ ಇಟ್ಟು ಬೆಲೆ ಇಳಿಸಬಹುದು. ನೆಲೆಯೂರಿದ ಕಂಪನಿಗಳು ಸಾಮಾನ್ಯವಾಗಿ ಮೊದಲನೆಯದನ್ನೇ ಹಿಡಿಯುತ್ತವೆ, ಏಕೆಂದರೆ ಹಳೆಯ ಗಿರಾಕಿ ಕೇಳುವುದೂ ಅದನ್ನೇ, ಲಾಭ ಇರುವುದೂ ಅಲ್ಲೇ. ಎರಡನೆಯ ದಾರಿ ಹಿಡಿಯುವವರು ಹೊಸಬರು. 1975ರಲ್ಲಿ ಆಲ್ಟೇರ್ 8800 ಎಂಬ, ಕೊಂಡವರೇ ಜೋಡಿಸಿಕೊಳ್ಳಬೇಕಾದ ಕಿಟ್ 400 ಡಾಲರ್‌ಗೂ ಕಡಿಮೆಗೆ ಸಿಕ್ಕಿತು. ಆರು ವರ್ಷಗಳ ನಂತರ ಐಬಿಎಂ ಪಿಸಿ ಬಂತು, 2007ರಲ್ಲಿ ಐಫೋನ್. ಒಂದು ಕಾಲಕ್ಕೆ ಅಗ್ಗದ ಯಂತ್ರದಿಂದಲೇ ಮೇಲೆದ್ದ ಡಿಇಸಿ, ಪಿಸಿಯ ಹೊಡೆತ ತಾಳಲಾರದೆ 1998ರಲ್ಲಿ ಪಿಸಿ ತಯಾರಕ ಕಾಂಪ್ಯಾಕ್ ಪಾಲಾಯಿತು.

ಇಷ್ಟು ಓದಿದವರಿಗೆ ಇದು ಮಳೆ–ಬಿಸಿಲಿನಂತೆ ತಾನಾಗಿ ನಡೆಯುವ ಸಂಗತಿ ಎನ್ನಿಸಬಹುದು. ಚಿಪ್ ಅಗ್ಗವಾದರೆ ಸಾಕು, ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ ಎಂಬ ನಂಬಿಕೆ ನಮ್ಮ ನೀತಿ ರೂಪಿಸುವವರಲ್ಲಿ ಬಲವಾಗಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಪ್ರತಿ ಹೊಸ ವರ್ಗದ ಹುಟ್ಟಿನ ಹಿಂದೆಯೂ ತನಗೆ ಏನು ಬೇಕೆಂದು ಖಚಿತವಾಗಿ ಗೊತ್ತಿದ್ದ, ಅದಕ್ಕೆ ಹಣ ಕೊಡಲು ಸಿದ್ಧನಿದ್ದ ಮೊದಲ ಗಿರಾಕಿಯೊಬ್ಬ ಇದ್ದಾನೆ. ಇಂಟಿಗ್ರೇಟೆಡ್ ಸರ್ಕ್ಯೂಟ್ ಇನ್ನೂ ದುಬಾರಿಯಾಗಿದ್ದಾಗ ಅದನ್ನು ರಾಶಿ ರಾಶಿಯಾಗಿ ಕೊಂಡದ್ದು ಅಪೊಲೊ ಚಂದ್ರಯಾನ ಮತ್ತು ಮಿನಿಟ್‌ಮ್ಯಾನ್ ಕ್ಷಿಪಣಿ ಯೋಜನೆಗಳು. ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004, ಬ್ಯುಸಿಕಾಮ್ ಎಂಬ ಜಪಾನಿ ಕ್ಯಾಲ್ಕ್ಯುಲೇಟರ್ ಕಂಪನಿಯ ಬೇಡಿಕೆಯ ಮೇಲೆ ತಯಾರಾದದ್ದು. ಆ ಕಂಪನಿಯ ಎಂಜಿನಿಯರ್ ಮಸಾತೊಷಿ ಶಿಮಾ ಇಂಟೆಲ್‌ಗೇ ಬಂದು ವಿನ್ಯಾಸಕ್ಕೆ ಕೈಜೋಡಿಸಿದರು.

ನಾವು ಹೆಚ್ಚು ಗಮನಿಸಬೇಕಾದದ್ದು ಬ್ರಿಟನ್ನಿನ ಉದಾಹರಣೆಯನ್ನು. 1980ರ ದಶಕದ ಆರಂಭದಲ್ಲಿ ಜನರಿಗೆ ಕಂಪ್ಯೂಟರ್ ಕಲಿಸುವ ಟಿ.ವಿ. ಸರಣಿಗೆ ಕೈಹಾಕಿದ ಬಿಬಿಸಿ, ಅದಕ್ಕೆ ತಕ್ಕ ಯಂತ್ರ ಹೇಗಿರಬೇಕೆಂದು ತಾನೇ ಬರೆದು ಕೊಟ್ಟಿತು. ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿಗೆ ಆ ಕೆಲಸ ಸಿಕ್ಕಿತು. ಶಾಲೆಗಳು ಕಂಪ್ಯೂಟರ್ ಕೊಳ್ಳಲು ಸರ್ಕಾರ ಅರ್ಧ ಹಣ ಕೊಟ್ಟಿತು. ಕೆಲವು ಸಾವಿರ ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದ ಯಂತ್ರ ಕೊನೆಗೆ ಹತ್ತು ಲಕ್ಷ ದಾಟಿತು. ಆ ಆದಾಯದ ಬಲದ ಮೇಲೆ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹೊಸ ಪ್ರೊಸೆಸರ್ ರೂಪಿಸಿದರು; 1985ರಲ್ಲಿ ಅದು ಮೊದಲ ಬಾರಿಗೆ ಕೆಲಸ ಮಾಡಿತು. ಅದೇ ಎಆರ್‌ಎಂ. ಇಂದು ನಮ್ಮ ಜೇಬಿನಲ್ಲಿರುವ ಬಹುತೇಕ ಎಲ್ಲ ಫೋನ್‌ಗಳ ಮಿದುಳು ಆ ವಂಶದ್ದು.

ಆ ವಂಶದ ಒಂದು ಕೊಂಡಿ ಬೆಂಗಳೂರಿಗೂ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳು ಸೇರಿ 2001ರಲ್ಲಿ ಸಿಂಪ್ಯೂಟರ್ ತಂದರು. ಅದರೊಳಗಿದ್ದದ್ದು ಸ್ಟ್ರಾಂಗ್‌ಎಆರ್‌ಎಂ ಚಿಪ್. ಎಆರ್‌ಎಂ ವಿನ್ಯಾಸದ ಮೇಲೆ ಆ ಚಿಪ್ ಸರಣಿಯನ್ನು ಮೊದಲು ರೂಪಿಸಿದ್ದು ಬೆಲ್ ಕೆಲಸ ಮಾಡಿದ್ದ ಡಿಇಸಿಯೇ. ಅಂಗೈಯಲ್ಲಿ ಹಿಡಿಯುವ ಯಂತ್ರ, ಬೆರಳಿನಿಂದ ಇಲ್ಲವೇ ಕಡ್ಡಿಯಿಂದ ಮುಟ್ಟುವ ಪರದೆ, ಓದಲು ಬಾರದವರಿಗೂ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ. ಊರಿಗೆ ಒಂದೇ ಯಂತ್ರವಿದ್ದರೂ ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ಸ್ಮಾರ್ಟ್‌ಕಾರ್ಡ್‌ನಲ್ಲಿ ಜೊತೆಗೆ ಒಯ್ಯಬಹುದಿತ್ತು. ಐಫೋನ್‌ಗಿಂತ ಆರು ವರ್ಷ ಮೊದಲೇ, ಮುಂದಿನ ವರ್ಗ ಹೇಗಿರುತ್ತದೆಂದು ಇವರು ಸರಿಯಾಗಿ ಗುರುತಿಸಿದ್ದರು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಸುಮಾರು ಹತ್ತು ಸಾವಿರ ರೂಪಾಯಿಗೆ ಮಾರುಕಟ್ಟೆಗೆ ಬಂದರೂ ಮಾರಾಟವಾದದ್ದು ಕೆಲವೇ ಸಾವಿರ. ಹಳ್ಳಿಗಳಲ್ಲಿ ಡೇಟಾ ಜಾಲ ಇರಲಿಲ್ಲ ಎಂಬುದು ನಿಜ. ಆದರೆ ‘ನಮಗೆ ಇಂತಿಂಥದ್ದು ಬೇಕು, ಒಂದು ಲಕ್ಷ ಯಂತ್ರ ಕೊಡಿ’ ಎನ್ನುವ ಇಲಾಖೆಯೊಂದು ಮುಂದೆ ಬಾರದಿದ್ದುದು ಅದಕ್ಕಿಂತ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ.

ಸಿಂಪ್ಯೂಟರ್ ಬಂದು ಹತ್ತು ವರ್ಷ ಕಳೆದ ಮೇಲೆ ಸರ್ಕಾರ ಗಿರಾಕಿಯಾಯಿತು, ತಪ್ಪು ರೀತಿಯಲ್ಲಿ. 2011ರ ‘ಆಕಾಶ್’ ಟ್ಯಾಬ್ಲೆಟ್ ವಿಷಯದಲ್ಲಿ ದೆಹಲಿ ಎತ್ತಿ ಹಿಡಿದದ್ದು ಬೆಲೆಯೊಂದನ್ನೇ. ಒತ್ತಿದರೂ ಸರಿಯಾಗಿ ಸ್ಪಂದಿಸದ ಪರದೆ, ಮಂದಗತಿಯ ಪ್ರೊಸೆಸರ್‌ನಿಂದಾಗಿ ವಿದ್ಯಾರ್ಥಿಗಳು ಅದನ್ನು ಬದಿಗಿಟ್ಟರು.

ಈಗ ಹುಟ್ಟಿರುವ ವರ್ಗ ಇನ್ನೂ ಚಿಕ್ಕದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ವೈಫೈ ಸಹಿತ ಮೈಕ್ರೊಕಂಟ್ರೋಲರ್ ಬೋರ್ಡ್ ಸಿಗುತ್ತದೆ. ಪಿಡಿಪಿ–8 ಅದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ತರಕಾರಿ ಅಂಗಡಿಯಲ್ಲಿ ಹಣ ಬಂತೆಂದು ಕನ್ನಡದಲ್ಲಿ ಕೂಗುವ ಡಬ್ಬಿಯೂ ಈ ವರ್ಗದ್ದೇ. ಅದಕ್ಕಿಂತ ಮುಖ್ಯವಾದದ್ದು ಹೊಲದಲ್ಲಿದೆ. ರಾತ್ರಿ ಒಂದು ಗಂಟೆಗೆ ತ್ರೀಫೇಸ್ ಕರೆಂಟ್ ಬಂದಾಗ ರೈತ ಟಾರ್ಚ್ ಹಿಡಿದು ಹಾವು–ಚೇಳಿನ ನಡುವೆ ಬೋರ್‌ವೆಲ್ ತನಕ ನಡೆಯಬೇಕಿತ್ತು. ಈಗ ಸ್ಟಾರ್ಟರ್ ಪಕ್ಕದಲ್ಲಿ ಸಿಮ್ ಹಾಕಿದ ಪುಟ್ಟ ಪೆಟ್ಟಿಗೆ ಕೂತಿದೆ. ಮನೆಯಿಂದಲೇ ಕರೆ ಮಾಡಿ ಗುಂಡಿ ಒತ್ತಿದರೆ ಮೋಟರ್ ಶುರುವಾಗುತ್ತದೆ, ಬಾವಿ ಬರಿದಾದರೆ ಅದೇ ನಿಲ್ಲಿಸುತ್ತದೆ. ಈ ‘ಮೊಬೈಲ್ ಸ್ಟಾರ್ಟರ್’ ಅನ್ನು ರೈತರು ಯಾವ ಯೋಜನೆಗೂ ಕಾಯದೆ ತಾವೇ ದುಡ್ಡು ಹಾಕಿ ಕೊಂಡಿದ್ದಾರೆ. ಬೇಡಿಕೆ ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹತ್ತು ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ಅದಕ್ಕಾಗಿ ವರ್ಷಕ್ಕೆ ಸಾವಿರಾರು ಕೋಟಿ ಸಹಾಯಧನ ಭರಿಸುತ್ತಿದೆ. ನೀರು, ಕರೆಂಟು ಎರಡನ್ನೂ ಉಳಿಸುವ ಯಂತ್ರಕ್ಕೆ ಇದಕ್ಕಿಂತ ಸಹಜವಾದ ಗಿರಾಕಿ ಬೇರೆ ಯಾರು? ಮೀಟರ್ ಕೂರಿಸಿ ನಾಳೆ ಬಿಲ್ ಕೊಡುತ್ತಾರೆಂಬ ರೈತರ ಭಯ ನ್ಯಾಯವಾದದ್ದು. ಆದ್ದರಿಂದ ಪೆಟ್ಟಿಗೆಯ ಲೆಕ್ಕ ರೈತನ ಬಳಿಯೇ ಉಳಿಯಬೇಕೆಂಬುದು ಮೊದಲ ಷರತ್ತಾಗಲಿ. ಕನ್ನಡದಲ್ಲಿ ಮಾತಾಡಬೇಕು, ವೋಲ್ಟೇಜ್ ಏರಿಳಿತ ತಾಳಬೇಕು, ತಾಲ್ಲೂಕು ಕೇಂದ್ರದ ಮೋಟರ್ ರಿಪೇರಿಯವನೇ ಬಿಚ್ಚಿ ಸರಿಪಡಿಸುವಂತಿರಬೇಕು ಎಂದೂ ಬರೆಯಲಿ. ಇಂಧನ, ಕೃಷಿ ಮತ್ತು ಐಟಿ–ಬಿಟಿ ಇಲಾಖೆಗಳು ಒಟ್ಟಿಗೆ ಕೂತು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳನ್ನೂ ರೈತರನ್ನೂ ಸೇರಿಸಿಕೊಂಡು ಈ ಪಟ್ಟಿ ತಯಾರಿಸಬೇಕು. ಅದನ್ನು ಪೂರೈಸುವ ಸ್ಥಳೀಯ ಸಣ್ಣ ಕಂಪನಿಗೆ ಮೊದಲ ಒಂದು ಲಕ್ಷ ಯಂತ್ರಗಳ ಖರೀದಿಯ ಖಾತ್ರಿಯನ್ನು ಮುಂದಿನ ಬಜೆಟ್‌ನಲ್ಲೇ ಕೊಡಬೇಕು.