ಮಾಲೆ ಹಾಕಿದ್ದು ಸಾಕು, ಆಲೂರರನ್ನು ಓದಿ ಜಗಳಾಡಿ

ಆಲೂರ ವೆಂಕಟರಾಯರನ್ನು ಫಿಲಿಪ್ಪೀನ್ಸಿನ ಲೇಖಕ ಹೊಸೆ ರಿಸಾಲನ ಪಕ್ಕದಲ್ಲಿಟ್ಟು ಓದಬೇಕು ಎಂದು ನಾನು ಬರೆದದ್ದಕ್ಕೆ ಸಾಕಷ್ಟು ಬೈಗುಳ ಬಂದಿವೆ. ಕೆಲವು ಧಾರವಾಡದಿಂದ, ಕೆಲವು ಗದಗಿನಿಂದ, ಒಂದೆರಡು ನಮ್ಮ ಕೋಟುಮಚಗಿಯಿಂದಲೇ. ಬೈಗುಳಕ್ಕೆ ಉತ್ತರ ಬೇಕಿಲ್ಲ. ನಡುವೆ ವಾದ ಎಂಬುದು ಇದ್ದಷ್ಟಕ್ಕೆ ಈ ಉತ್ತರ.

ಮೊದಲಿನದು ಸಣ್ಣ ತಕರಾರು: ಎಲ್ಲಿಯ ಮನಿಲಾ, ಎಲ್ಲಿಯ ಹೊಳೆಆಲೂರು? ಅವರಿಬ್ಬರೂ ಒಬ್ಬರನ್ನೊಬ್ಬರು ಓದಿದ್ದರೆಂದು ನಾನೆಲ್ಲೂ ಹೇಳಿಲ್ಲ. ರಿಸಾಲ್ ಹುಟ್ಟಿದ್ದು 1861ರಲ್ಲಿ. 1896ರ ಡಿಸೆಂಬರ್ 30ರಂದು ಸ್ಪೇನಿನವರು ಅವನನ್ನು ಮನಿಲಾದಲ್ಲಿ ಗುಂಡಿಟ್ಟು ಕೊಂದಾಗ ಆಲೂರರು ಹದಿನಾರರ ಹುಡುಗ. ಆದರೆ ಇಬ್ಬರೂ ಎದುರಿಸಿದ ಮಾತು ಒಂದೇ: ನಿಮಗೆ ಹೇಳಿಕೊಳ್ಳುವಂಥ ಇತಿಹಾಸವಿಲ್ಲ, ನಾವು ಬಂದಮೇಲೆ ನೀವು ಮನುಷ್ಯರಾದಿರಿ. ಕಣ್ಣಿನ ವೈದ್ಯನಾಗಿದ್ದ ರಿಸಾಲ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಸ್ಪೇನಿನ ಅಧಿಕಾರಿ ಅಂತೋನಿಯೊ ದೆ ಮೊರ್ಗಾ 1609ರಲ್ಲಿ ಅಚ್ಚು ಹಾಕಿಸಿದ್ದ ದ್ವೀಪಗಳ ವೃತ್ತಾಂತವನ್ನು ಕೈಯಾರೆ ನಕಲು ಮಾಡಿಕೊಂಡ. ಪುಟಪುಟಕ್ಕೂ ಟಿಪ್ಪಣಿ ಬರೆದು 1890ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ. ಆಲೂರರು 1905ರಲ್ಲಿ ಹಂಪಿ-ಆನೆಗೊಂದಿ ಕಂಡು ಬಂದವರು, ವಕೀಲಿಕೆ ಹಿಂದೆ ಬಿಟ್ಟು ವರ್ಷಗಟ್ಟಲೆ ಶಾಸನ, ಪುಸ್ತಕ ತಿರುವಿಹಾಕಿ 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರತಂದರು. ಪರರ ಆಳ್ವಿಕೆಯಲ್ಲಿ ಸ್ವಂತ ಇತಿಹಾಸ ಬರೆಯುವುದೆಂದರೆ ಆಳುವವನ ಮೇಲೆ ದಾವೆ ಹೂಡಿದ ಹಾಗೆ. ಇಬ್ಬರೂ ಹೂಡಿದರು.

ಇನ್ನೊಬ್ಬರ ವಾದಕ್ಕೆ ತೂಕವಿದೆ. ಆಲೂರರ ಸಾಮಗ್ರಿಯೆಲ್ಲ ಸಾಹೇಬರಿಂದ ಎರವಲು ಪಡೆದದ್ದು, ಜೆ.ಎಫ್. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆಯದೇ ಹೋಗಿದ್ದರೆ ಗತವೈಭವ ಎಲ್ಲಿಂದ ಬರುತ್ತಿತ್ತು ಎಂದು ಅವರು ಕೇಳುತ್ತಾರೆ. ಫ್ಲೀಟ್ ಇಲ್ಲದೆ ಕೆಲಸ ಕಷ್ಟವಾಗುತ್ತಿತ್ತು, ನಿಜ. ಆದರೆ ರಿಸಾಲನೂ ಆಳುವವರ ಪುಸ್ತಕವನ್ನೇ ಎತ್ತಿಕೊಂಡ, ಬೇಕೆಂತಲೇ. ಮೊರ್ಗಾ ಸ್ಪೇನಿನವನು, ಪಾದ್ರಿಯಲ್ಲ, ಮನಿಲಾದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಅವನೇ ಆ ಜನರ ಹಡಗು ಕಟ್ಟುವ ಕೌಶಲ, ವ್ಯಾಪಾರ, ಕಸುಬುಗಳ ಬಗ್ಗೆ ಬರೆದಿರುವಾಗ ‘ನಾವು ಬರುವ ಮೊದಲು ಇಲ್ಲಿ ಕಾಡುಜನ’ ಎನ್ನಲು ಬಾಯಿ ಎಲ್ಲಿಂದ ಬರಬೇಕು? ಎದುರು ಪಕ್ಷದ ಸಾಕ್ಷಿಯನ್ನೇ ಕಟಕಟೆಗೆ ಕರೆದ ಜಾಣತನ ಅದು. ಫ್ಲೀಟ್ ಮತ್ತು ಭಂಡಾರಕರರ ಇತಿಹಾಸಗಳು ಬಾಂಬೆ ಗೆಜೆಟಿಯರಿಗಾಗಿ ಸಿದ್ಧವಾದವು. ಅಂದರೆ ಆಡಳಿತಗಾರನ ಕಪಾಟಿಗೆ. ಅದೇ ಚಾಲುಕ್ಯ, ರಾಷ್ಟ್ರಕೂಟರನ್ನು ಆಲೂರರು ಕನ್ನಡದಲ್ಲಿ, ಕನ್ನಡ ಶಾಲೆಯ ಮಾಸ್ತರ ಓದುವ ಹಾಗೆ, ‘ಇದು ನಿನ್ನದು’ ಎಂದು ಕೈಗಿತ್ತರು. ಫ್ಲೀಟ್ ಆ ಕೆಲಸ ಮಾಡಲಿಲ್ಲ. ಅದು ಅವನ ಕೆಲಸವೂ ಆಗಿರಲಿಲ್ಲ.

ಹಾಗಿದ್ದರೆ ಗತವೈಭವ ಬರೀ ಹಳೆಯ ಅರಸರ ಭಜನೆಯಲ್ಲವೆ, ಅದರಲ್ಲಿ ಹೊಲೆಗೇರಿ ಎಲ್ಲಿದೆ, ಹೆಂಗಸರೆಲ್ಲಿ ಎಂದು ಕೇಳಿದವರು ತರುಣರು. ಈ ಆಕ್ಷೇಪಣೆಯ ಅರ್ಧವನ್ನು ನಾನು ಮೊದಲೇ ಒಪ್ಪಿದ್ದೇನೆ. ನಮ್ಮೂರಿನದೇ ಉದಾಹರಣೆ ಸಾಕು. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಕೋಟುಮಚಗಿ ಶಾಸನ ಅಗ್ರಹಾರದಲ್ಲಿ ವಿದ್ಯೆ ಕಲಿಸುವವರಿಗೆ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಸಾವಿರ ವರ್ಷದ ಹಿಂದೆ ನಮ್ಮಲ್ಲಿ ಶಾಲೆಯಿತ್ತೆಂದು ಎದೆಯುಬ್ಬಿಸಬಹುದು. ಆ ಶಾಲೆಯ ಒಳಗೆ ಕಾಲಿಡಲಾಗದವರು, ಆ ಭೂಮಿ ಉತ್ತವರು ಎಷ್ಟು ಮಂದಿ ಎಂದೂ ಕೇಳಲೇಬೇಕು. ಆಲೂರರು ಮೊದಲನೆಯದನ್ನು ಮಾಡಿದರು, ಎರಡನೆಯದನ್ನು ಕೇಳಲಿಲ್ಲ. ಅದು ಅವರ ಮಿತಿ.

ಆದರೆ ಈ ಮಿತಿಯನ್ನು ತೋರಿಸಿ ಪುಸ್ತಕವನ್ನೇ ಆಚೆ ಎಸೆಯುವುದು ಬೇರೆ ಮಾತು. ರಿಸಾಲನ ಮೊರ್ಗಾಕ್ಕೆ ಮುನ್ನುಡಿ ಬರೆದ ಗೆಳೆಯ ಫರ್ಡಿನಾಂಡ್ ಬ್ಲುಮೆಂಟ್ರಿಟ್ ಆ ಮುನ್ನುಡಿಯಲ್ಲೇ ತಪ್ಪು ಹಿಡಿದ: ಹದಿನಾರನೇ ಶತಮಾನವನ್ನು ಇಂದಿನ ಅಳತೆಗೋಲಿನಿಂದ ಅಳೆಯುತ್ತೀಯ ಎಂದ. ಜಾನಪದ ಸಂಗ್ರಹಿಸಿದ ಇಸಾಬೆಲೊ ದೆ ಲೋಸ್ ರೇಯೆಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಶಾಭಿಮಾನ ಅತಿಯಾಗಿ ಇವನ ಕಣ್ಣು ಮಂಜಾಗಿದೆ ಎಂಬರ್ಥದಲ್ಲಿ ಬರೆದ. ರಿಸಾಲ್ ಸಿಟ್ಟಿಗೆದ್ದು ಪತ್ರಿಕೆಯಲ್ಲೇ ಉತ್ತರ ಕೊಟ್ಟ. ಇವರೆಲ್ಲ ಒಂದೇ ದಂಡೆಯ ಮೇಲೆ ನಿಂತು ಜಗಳವಾಡಿದವರು. ಆ ಜಗಳದಿಂದಲೇ ಅವರಲ್ಲಿ ಒಂದು ವಿಚಾರ ಪರಂಪರೆ ಬೆಳೆಯಿತು. ನಮ್ಮಲ್ಲಿ ನವೆಂಬರ್ ಒಂದಕ್ಕೆ ಆಲೂರರ ಫೋಟೋಕ್ಕೆ ಹಾರ ಬೀಳುತ್ತದೆ, ಎರಡರಂದು ಫೋಟೋ ಬೀರುವಿನೊಳಗೆ.

ಇಂಗ್ಲಿಷರು ರೈಲು ಕೊಟ್ಟರು, ಕನ್ನಡ ಶಾಲೆ ಕೊಟ್ಟರು, ಕಿಟೆಲ್ ನಿಘಂಟು ಕೊಟ್ಟ. ಕೃತಜ್ಞತೆ ಬೇಡವೆ ಎಂದು ಒಬ್ಬ ನಿವೃತ್ತ ಹೆಡ್‌ಮಾಸ್ತರರು ಕೇಳಿದ್ದಾರೆ. ಕಿಟೆಲ್ಲರಿಗೆ, ಶಿಕ್ಷಣಾಧಿಕಾರಿ ರಸೆಲ್ಲರಿಗೆ ಧಾರಾಳವಾಗಿ ಕೃತಜ್ಞತೆ ಇದೆ, ಸರ್. ಆದರೆ ಕನ್ನಡ ಶಾಲೆಗಳಿಗಾಗಿ ರಸೆಲ್ಲರ ಜೊತೆ ಡೆಪ್ಯೂಟಿ ಚನ್ನಬಸಪ್ಪನವರು ದುಡಿಯಬೇಕಾದದ್ದು ಯಾಕೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಕನ್ನಡದ ಮಕ್ಕಳಿಗೆ ಮರಾಠಿ ಶಾಲೆ ಕಟ್ಟಿದ್ದೂ ಅದೇ ಮುಂಬಯಿ ಸರಕಾರ.

ಇನ್ನು ರೈಲಿನ ಮಾತು. ಗದಗಿಗೆ ಅದು 1884ರಲ್ಲಿ ಬಂತು. ಅದಕ್ಕೆ ಮುಂಚಿನ ನಲವತ್ತು ವರ್ಷ ನಮ್ಮ ಎರಿ ಹೊಲದಲ್ಲಿ ಏನು ನಡೆಯಿತೆಂಬುದು ಹತ್ತಿಯ ಕಥೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಬೀಜ ತರಿಸಿತು, ಬೆಳೆಸಿ ತೋರಿಸಲು ಅಮೆರಿಕದ ತೋಟಗಾರರನ್ನೂ ಕರೆಸಿತು. ಮ್ಯಾಂಚೆಸ್ಟರಿನ ಗಿರಣಿಗೆ ಉದ್ದ ಎಳೆ ಬೇಕಿತ್ತು. ಜವಾರಿ ಹತ್ತಿಯ ಎಳೆ ಗಿಡ್ಡ. ಅಮೆರಿಕದಲ್ಲಿ ಅಂತರ್ಯುದ್ಧ ಎದ್ದಾಗ ಇಲ್ಲಿ ದರ ಆಕಾಶಕ್ಕೇರಿತು, ಯುದ್ಧ ಮುಗಿದದ್ದೇ ತಳಕ್ಕಿಳಿಯಿತು. ನಡುವೆ 1863ರಲ್ಲಿ ಹತ್ತಿ ಕಲಬೆರಕೆಗೆ ಶಿಕ್ಷೆಯ ಕಾನೂನು. 1876ರಿಂದ 78ರ ತನಕ ಬರ. ಇಷ್ಟಾದಮೇಲೂ ಆಲಸಿ, ಮೋಸಗಾರ ಎನ್ನಿಸಿಕೊಂಡವನು ರೈತನೇ.

ಇಲ್ಲಿ ರಿಸಾಲ್ ಕೆಲಸಕ್ಕೆ ಬರುತ್ತಾನೆ. ಫಿಲಿಪ್ಪೀನ್ಸಿನ ಜನರ ಸೋಮಾರಿತನ ಎಂಬುದರ ಮೇಲೆ ಅವನು 1890ರಲ್ಲಿ ಬರೆದ ದೀರ್ಘ ಲೇಖನದಲ್ಲಿ ಸೋಮಾರಿತನ ಇಲ್ಲವೇ ಇಲ್ಲ ಎಂದು ವಾದಿಸುವುದಿಲ್ಲ. ಇದೆ ಎನ್ನುತ್ತಾನೆ. ಬಿಸಿಲ ನಾಡಿನಲ್ಲಿ ದೇಹ ದಣಿಯುತ್ತದೆ, ಆಳುಕಾಳು ಇಟ್ಟುಕೊಂಡ ಯುರೋಪಿನವನು ಇಲ್ಲಿ ನಮಗಿಂತ ಹೆಚ್ಚು ಸೋಮಾರಿ ಎಂದು ಚುಚ್ಚುತ್ತಾನೆ. ಆಮೇಲೆ ತಿರುಗಿ ಕೇಳುತ್ತಾನೆ: ಸ್ಪೇನಿನವರು ಬರುವ ಮೊದಲು ಚೀನದವರೊಡನೆ ವ್ಯಾಪಾರ ಮಾಡುತ್ತಿದ್ದ ಜನಕ್ಕೆ ಈ ರೋಗ ಹತ್ತಿದ್ದು ಯಾವಾಗ? ಬಿಟ್ಟಿ ದುಡಿಮೆ, ಬೆಳೆದದ್ದು ಕೈಗೆ ದಕ್ಕದ ಪರಿಸ್ಥಿತಿ, ಕಸುಬನ್ನು ಕೀಳಾಗಿ ಕಾಣಿಸುವ ಶಿಕ್ಷಣ ಇವು ಕಾರಣ, ಸೋಮಾರಿತನ ಪರಿಣಾಮ. ಗದಗ ಸೀಮೆಯ ಹತ್ತಿಯ ಕಡತಗಳನ್ನು ಈ ಕಣ್ಣಿನಿಂದ ಓದಬೇಕೆಂಬುದೇ ನನ್ನ ಮೂಲ ಲೇಖನದ ಬೇಡಿಕೆಯಾಗಿತ್ತು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಆಲೂರರು ಮರಾಠಿ ದ್ವೇಷಿ ಎಂಬ ಆರೋಪಕ್ಕೆ ಒಂದೇ ಸಾಲು: ತಿಲಕರ ಗೀತಾರಹಸ್ಯವನ್ನು ಮರಾಠಿಯಿಂದ ಕನ್ನಡಕ್ಕೆ ತಂದವರು ಅವರೇ. ‘ಸಂಕುಚಿತ ಪ್ರಾಂತವಾದಿ’ ಎಂಬ ಮಾತಿಗೆ ಮಾತ್ರ ನಕ್ಷೆ ಬಿಚ್ಚಬೇಕು. ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸಿದ ನಾಲ್ಕು ಊರು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಇಂಗ್ಲಿಷರ ಕಾಲಕ್ಕೆ ಕಿಸುವೊಳಲ್ ಎಂಬ ಪಟ್ಟದಕಲ್ಲು ಮತ್ತು ಒಕ್ಕುಂದ ಮುಂಬಯಿ ಇಲಾಖೆಯಲ್ಲಿ, ಕೊಪ್ಪಳ ನಿಜಾಮರ ಸೀಮೆಯಲ್ಲಿ, ಪುಲಿಗೆರೆಯಾಗಿದ್ದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಪಕ್ಕದ ಶಿರಹಟ್ಟಿ ಸಾಂಗಲಿಯ ಪಟವರ್ಧನರದು. ನಮ್ಮೂರಿನಿಂದ ಪೂರ್ವಕ್ಕೆ ಹೋದರೆ ಯಲಬುರ್ಗಾ ಸೀಮೆ, ಅಲ್ಲಿ ಮತ್ತೆ ನಿಜಾಮ. ಬೀಗರ ಮನೆಗೆ ಚಕ್ಕಡಿ ಹೂಡಿದರೆ ಸರಕಾರವೇ ಬದಲಾಗುತ್ತಿದ್ದ ನಾಡಿನಲ್ಲಿ ‘ಇದೆಲ್ಲ ಒಂದು’ ಎಂದವನು ಸಂಕುಚಿತನೋ, ಚೂರು ಮಾಡಿದವನು ಸಂಕುಚಿತನೋ? ಕರ್ನಾಟಕತ್ವ ಭಾರತೀಯತ್ವಕ್ಕೆ ಎದುರಲ್ಲ ಎಂದು ಆಲೂರರು ಬದುಕಿಡೀ ಹೇಳಿದರು.

ಇದೆಲ್ಲ ಧಾರವಾಡದ ವಕೀಲರ ವಿಚಾರ, ಒಕ್ಕಲಿಗನಿಗೇನು ಗೊತ್ತಿತ್ತು ಎಂಬುದು ಉಳಿದ ಮಾತು. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ್ದು ಯಾವ ಪುಸ್ತಕ ಓದಿ? ಅವರ ಮೇಲಿನ ಲಾವಣಿಯನ್ನು ಜನ ಕಟ್ಟಿ ಹಾಡಿದ್ದರಿಂದಲೇ ಫ್ಲೀಟನಿಗೆ ಅಚ್ಚು ಹಾಕಿಸಲು ಸಿಕ್ಕಿತು. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಕಾಯ್ದೆ ಸರಕಾರದ್ದೇ, 1904ರದು. ಸಾಹುಕಾರನ ಬಡ್ಡಿಯಿಂದ ಪಾರಾಗುವ ಅಗತ್ಯ, ಅದಕ್ಕೆ ಊರನ್ನು ಒಟ್ಟುಗೂಡಿಸುವ ಬುದ್ಧಿ ಊರಿನದು. ವಸಾಹತು ಎಂದರೇನೆಂದು ಬರೆಯದೆಯೂ ಬಲ್ಲವರಿದ್ದರು.

ಕೊನೆಗೆ, ಆಲೂರರ ಮಿತಿ ಎತ್ತಿದ್ದೇ ಅಪಚಾರ ಎಂದವರಿಗೆ. ಫಿಲಿಪ್ಪೀನ್ಸಿನ ಇತಿಹಾಸಕಾರ ರೆನಾತೊ ಕಾನ್ಸ್ತಾಂತಿನೊ 1969ರಲ್ಲಿ ತನ್ನ ದೇಶದವರ ಎದುರು ನಿಂತು, ರಿಸಾಲನನ್ನು ಅರ್ಥ ಮಾಡಿಕೊಳ್ಳದೆ ಪೂಜಿಸುತ್ತಿದ್ದೀರಿ ಎಂದ. ಸ್ಪೇನಿನ ವಿರುದ್ಧ ಬೊನಿಫಾಸಿಯೊ ಎಬ್ಬಿಸಿದ ಕ್ರಾಂತಿಯನ್ನು ರಿಸಾಲ್ ಖಂಡಿಸಿದ್ದನ್ನು ನೆನಪಿಸಿದ. ಸ್ಪೇನಿನ ನಂತರ ಬಂದ ಅಮೆರಿಕದವರು ಈ ಸೌಮ್ಯ ನಾಯಕನನ್ನು ಮುಂದೆ ಮಾಡಿದ್ದು ಸುಮ್ಮನಲ್ಲ ಎಂದ. ಅದರಿಂದ ರಿಸಾಲ್ ಸಣ್ಣವನಾಗಲಿಲ್ಲ, ಓದುಗರು ಹೆಚ್ಚಾದರು.

ಆದ್ದರಿಂದ ಮುಂದಿನ ಉತ್ತರ ಬರೆಯುವವರಲ್ಲಿ ಒಂದೇ ವಿನಂತಿ. ನನ್ನ ಜಾತಿ, ಊರು, ವಯಸ್ಸು ವಿಚಾರಿಸಬೇಡಿ. ಗತವೈಭವವನ್ನು ತೆಗೆದುಕೊಂಡು, ಯಾವ ಪುಟದ ಯಾವ ಮಾತು ಒಪ್ಪಿಗೆಯಿಲ್ಲವೆಂದು ಬರೆಯಿರಿ. ನಾನೂ ಪುಟ ಹಿಡಿದೇ ಉತ್ತರಿಸುತ್ತೇನೆ.